ಹಳದಿ ಬೊಟ್ಟು

ವಿನುತಾ ಜಗದೀಶನನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಅವನ ಮೇಲೆ ಸಿಟ್ಟು ಬಂದ ದಿನ.

ಹೊನ್ನಾವರದ ಒಂದು ಪಿಯು ಕಾಲೇಜಿನಲ್ಲಿ ಅವಳು ಕೆಮಿಸ್ಟ್ರಿಗೆ ಗೆಸ್ಟ್ ಲೆಕ್ಚರರ್. ಅವತ್ತು ಮಕ್ಕಳಿಗೆ ಎಲೆಕ್ಟ್ರೊಲೈಟ್ ಅಂದರೆ ಏನು ಅಂತ ತೋರಿಸಲು ಹೊರಟಿದ್ದಳು. ಒಂದು ಬ್ಯಾಟರಿ, ಒಂದು ಪುಟ್ಟ ಬಲ್ಬು, ಎರಡು ತಂತಿ. ತಂತಿಯ ತುದಿಗಳನ್ನು ಉಪ್ಪುನೀರಿಗೆ ಅದ್ದಿದರೆ ಬಲ್ಬು ಉರಿಯಬೇಕು. ಉರಿಯಲಿಲ್ಲ. ಅವಳು ಇನ್ನಷ್ಟು ಉಪ್ಪು ಸುರಿದಳು. ಆಗಲೂ ಇಲ್ಲ. ಹಿಂದಿನ ಬೆಂಚು ಕಿಸಕ್ಕೆಂದಿತು.

ಬಾಗಿಲಲ್ಲಿ ಒಬ್ಬ ಹೊಸ ಬ್ಯಾಟರಿ ಹಿಡಿದು ನಿಂತಿದ್ದ. ಫಿಸಿಕ್ಸ್‌ನವನು, ಅದೇ ವರ್ಷ ಸೇರಿದವನು. ಹಿಂದಿನ ದಿನ ಅವಳ ಬ್ಯಾಟರಿ ಒಯ್ದು, ತಂತಿ ಬಿಚ್ಚದೆ ಖಾಲಿ ಮಾಡಿ ತಂದಿಟ್ಟವನು ತಾನೇ ಎಂದು ಮಕ್ಕಳೆದುರೇ ಒಪ್ಪಿಕೊಂಡ. ಒಪ್ಪಿಕೊಳ್ಳುವಾಗ ಅವನ ಎಡಗೆನ್ನೆಯಲ್ಲಿ ಒಂದು ಗುಳಿ ಬಿತ್ತು. ವಿನುತಾಳ ಸಿಟ್ಟು ಆ ಗುಳಿಯಲ್ಲೇ ಬಿದ್ದು ಹೋಯಿತು.

ಹೊಸ ಬ್ಯಾಟರಿ ಹಾಕಿದ ಮೇಲೆ ಬಲ್ಬು ಹೊತ್ತಿತು. ಉಪ್ಪು ನೀರಿಗೆ ಬಿದ್ದರೆ ಒಡೆದು ಅಯಾನುಗಳಾಗುತ್ತದೆ, ಆ ಅಯಾನುಗಳು ಕರೆಂಟನ್ನು ಹೊತ್ತು ದಾಟಿಸುತ್ತವೆ ಎಂದು ಅವಳು ವಿವರಿಸಿದಳು. ಆಮೇಲೆ ಸಕ್ಕರೆ ನೀರು. ಅದರಲ್ಲಿ ಬಲ್ಬು ಕಪ್ಪಗೇ ಉಳಿಯಿತು. ಸಕ್ಕರೆಯೂ ಕರಗುತ್ತದೆ, ಆದರೆ ಒಡೆಯುವುದಿಲ್ಲ, ಏನನ್ನೂ ಹೊರುವುದಿಲ್ಲ ಎಂದಳು.

ಹೊರಡಬೇಕಾದವನು ಬಾಗಿಲಲ್ಲೇ ನಿಂತು ಕೇಳಿದ, "ಮೇಡಂ, ನನ್ನನ್ನು ಅದ್ದಿದ್ರೆ ಉರೀತದಾ?"

"ನೀವು ಸಕ್ಕರೆ ಸರ್. ಲಾಯ್ಕ ಕರಗ್ತ್ರಿ, ಅಷ್ಟೆ."

ಕ್ಲಾಸು ಹೋ ಎಂದು ನಕ್ಕಿತು. ಜಗದೀಶ ಅದನ್ನು ಹೊಗಳಿಕೆ ಎಂದು ತೆಗೆದುಕೊಂಡ. ಸ್ವಲ್ಪ ದಿನದಲ್ಲಿ ವಿನುತಾಳಿಗೂ ಅದು ಹೊಗಳಿಕೆಯಂತೆಯೇ ಕೇಳತೊಡಗಿತು. ಪ್ರೀತಿಗೆ ಬಿದ್ದ ಹುಡುಗಿ ತಾನೇ ಮಾಡಿದ ಪಾಠವನ್ನೂ ಮರೆಯುತ್ತಾಳೆ.

ಅವಳ ಊರು ಭಟ್ಕಳದ ಹತ್ತಿರದ ಬೆಳಕೆ. ಅಪ್ಪ ಗಣಪ ಬೋಟಿನಲ್ಲಿ, ಅಮ್ಮ ಮಂಜಿ ಮೀನಿನ ಬುಟ್ಟಿಯಲ್ಲಿ ದುಡಿದು ಓದಿಸಿದ ಮಗಳು. ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಶರಾವತಿ ಸೇತುವೆಗಿಂತ ಈಚೆ, ಕಾಸರಕೋಡಿನಲ್ಲಿ ಜಗದೀಶ ಹತ್ತುತ್ತಿದ್ದ. ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಅವಳ ಸೀಟಿನ ಪಕ್ಕದ ಕಂಬಿ ಹಿಡಿದು ನಿಲ್ಲುತ್ತಿದ್ದ. ಸೇತುವೆಯ ಮೇಲೆ ಗಾಳಿ ನುಗ್ಗಿದಾಗ ಅವಳ ದುಪಟ್ಟಾದ ತುದಿ ಹಾರಿ ಅವನ ವಾಚಿಗೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಬಿಡಿಸಲು ಅವನು ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಹೊಳೆ ದಾಟಿ ಹೋಗುತ್ತಿತ್ತು. ಸೇತುವೆ ಇನ್ನೊಂದಿಷ್ಟು ಉದ್ದ ಇದ್ದಿದ್ದರೆ ಎಂದು ಅವಳು ದಿನಾ ಅಂದುಕೊಳ್ಳುತ್ತಿದ್ದಳು.

ಅವನ ಟಿಫಿನ್ ಚೀಲದಲ್ಲಿ ಯಾವಾಗಲೂ ಕೆಂಪು ದಾಸವಾಳ ಇರುತ್ತಿತ್ತು. ಅವಳು ಅದನ್ನು ಜಜ್ಜಿ, ರಸದಲ್ಲಿ ಕಾಗದ ಅದ್ದಿ ಒಣಗಿಸಿ, ಆಮ್ಲ ಪ್ರತ್ಯಾಮ್ಲ ಪರೀಕ್ಷೆ ಮಾಡುವ ಪಟ್ಟಿ ಮಾಡುತ್ತಿದ್ದಳು. ಹೂವು ಅವನ ಅಮ್ಮ ನಾಗಿ ದೇವರಿಗೆಂದು ಬೆಳೆಸಿದ್ದು. ಅವರು ದಿನಾ ಬೆಳಿಗ್ಗೆ ಹೂಕಳ್ಳನಿಗೆ ಶಾಪ ಹಾಕುತ್ತಾರೆ, ತಾನು ಒಳಗೆ ಕೂತು ದೋಸೆ ತಿನ್ನುತ್ತಾ ಹೌದು ಹೌದು ಅನ್ನುತ್ತೇನೆ ಎಂದು ಅವನು ಹೇಳುವಾಗ ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ನಗಬಾರದಿತ್ತು. ಒಂದು ಹೂವಿನ ವಿಷಯವನ್ನು ಅಮ್ಮನಿಗೆ ಹೇಳಲಾರದವನು ಹುಡುಗಿಯ ವಿಷಯ ಏನು ಹೇಳಿಯಾನು?

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಅವನು ಬೆರಳು ಚಾಚಿ, ನನ್ನನ್ನೂ ಟೆಸ್ಟ್ ಮಾಡಿ ಎಂದ. ಅವಳು ಒಂದು ಪಟ್ಟಿಯನ್ನು ಅವನ ಬೆವೆತ ಬೆರಳಿಗೆ ಒತ್ತಿ ಹಿಡಿದಳು. ಬಣ್ಣ ಬದಲಾಯಿತೋ ಇಲ್ಲವೋ ಇಬ್ಬರೂ ನೋಡಲಿಲ್ಲ. ಅವಳ ಕುತ್ತಿಗೆಯ ನಾಡಿ ಹೊಡೆದುಕೊಳ್ಳುವುದನ್ನು ಅವನು ನೋಡುತ್ತಿದ್ದ. ಅವನು ನೋಡುತ್ತಿದ್ದಾನೆ ಎಂಬುದನ್ನು ಅವಳು ನೋಡುತ್ತಿದ್ದಳು.

"ಎಂತ ಬಂತು?" ಅಂದ.

"ಹುಳಿ," ಅಂದಳು, ಕೈ ಬಿಡದೆ.

ಹೀಗಿರುವಾಗ ಕುಮಟಾದಿಂದ ಸಂಬಂಧ ಬಂತು. ಹುಡುಗ ಭಾಸ್ಕರ, ಬಂದರಿನ ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್. ಮಾತು ಕಡಿಮೆ, ಕುಡಿತ ಇಲ್ಲ, ತಮ್ಮದೇ ಜನ. ಮಂಜಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ವಿನುತಾ ಇವತ್ತು ನಾಳೆ ಎಂದು ತಳ್ಳುತ್ತಿದ್ದಂತೆಯೇ ನಿಶ್ಚಯದ ದಿನವೂ ಗೊತ್ತಾಗಿ ಹೋಯಿತು. ಅವಳು ಸೇತುವೆಯ ಮೇಲೆ ಜಗದೀಶನಿಗೆ ಹೇಳಿದಳು. ಬಂದು ನನ್ನ ಅಪ್ಪನ ಹತ್ತಿರ ಒಂದು ಮಾತು ಕೇಳು, ಬೇರೇನೂ ಬೇಡ ಎಂದಳು. ಯೋಚಿಸಿ ಹೇಳುತ್ತೇನೆ ಎಂದು ಅವನು ಆಚೆ ದಡ ಬಂದದ್ದೇ ಬಾಗಿಲ ಕಡೆ ನಡೆದ.

ಮರುದಿನ ಅವನ ಹತ್ತಿರ ಒಂದು ಉಪಾಯ ಇತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥದ್ದು.

ಬೆಳಕೆಯಲ್ಲಿ ವಿನುತಾಳ ಕಡೆಯ ಮನೆಗಳಲ್ಲಿ ಒಂದು ಪದ್ಧತಿ ಉಂಟು. ನಿಶ್ಚಯದ ದಿನ ಅರಿಶಿನದ ನೀರಿಗೆ ಸುಣ್ಣ ಕದಡಿ ಕೆಂಪು ಆರತಿ ಮಾಡುತ್ತಾರೆ. ಎತ್ತಿದ ಮೇಲೆ ಹುಡುಗ, ಹುಡುಗಿ ಅದೇ ನೀರಿನಲ್ಲಿ ಬೆರಳದ್ದಿ ಒಬ್ಬರ ಹಣೆಗೆ ಒಬ್ಬರು ಬೊಟ್ಟಿಡಬೇಕು. ಅಲ್ಲಿಗೆ ಮಾತು ಮುಗಿದಂತೆ. ಇಬ್ಬರೂ ಬೊಟ್ಟಿಡುವ ಮೊದಲೇ ಕೆಂಪು ಅಳಿದರೆ ಆ ಹುಡುಗಿ ಹೊಕ್ಕ ಮನೆಯಲ್ಲಿ ಕುಂಕುಮ ಉಳಿಯುವುದಿಲ್ಲ ಎಂಬ ಮಾತಿದೆ. ಅಳಿದದ್ದನ್ನು ಯಾರೂ ಕಂಡಿಲ್ಲ. ಕಾಣದ್ದರಿಂದಲೇ ಹೆದರಿಕೆ ಹೆಚ್ಚು.

ಸಾರಿನ ಕಲೆಗೆ ಸಾಬೂನು ತಾಗಿದರೆ ಕೆಂಪಾಗುವುದನ್ನು, ಹುಳಿ ತಾಗಿದರೆ ಮತ್ತೆ ಹಳದಿಯಾಗುವುದನ್ನು ನೋಡದ ಹೆಂಗಸು ಆ ಊರಲ್ಲಿಲ್ಲ. ಆದರೆ ಆರತಿಯ ಮುಂದೆ ನಿಂತಾಗ ಯಾರಿಗೂ ಸಾರಿನ ನೆನಪಾಗುವುದಿಲ್ಲ.

ಮೀನುಸಾರಿಗೆ ಹಾಕುವ ಹುಳಿ ಬಿಂಬಲಿ ಕಾಯಿಯ ರಸವನ್ನು ಹತ್ತಿಯಲ್ಲಿ ನೆನೆಸಿ ಮುಷ್ಟಿಯಲ್ಲಿ ಇಟ್ಟುಕೊ, ಬೆರಳದ್ದುವಾಗ ಹಿಂಡು ಎಂದು ಜಗದೀಶ ಹೇಳಿಕೊಟ್ಟ. ಅವರಾಗೇ ಎದ್ದು ಹೋಗುತ್ತಾರೆ. ಸಂಬಂಧ ಮುರಿದ ಮನೆಗೆ ನಾನು ಸಂಜೆಯೇ ಅಮ್ಮನನ್ನು ಕರೆದುಕೊಂಡು ಬಂದರೆ ನಿನ್ನ ಅಪ್ಪ ಎರಡು ಮಾತಾಡದೆ ಒಪ್ಪುತ್ತಾನೆ, ಜಗಳವಿಲ್ಲ, ರಂಪವಿಲ್ಲ ಎಂದ. ಹಾಗೆನ್ನುವಾಗ ಮತ್ತೆ ಆ ಗುಳಿ ಬಿತ್ತು.

"ಸಂಜೆ ಬರ್ತ್ರಿ ಅಲ್ದಾ?" ಎಂದು ಅವಳು ಕೇಳಿದಳು.

"ನಿನ್ನ ಹಣೆಗೆ ಬೊಟ್ಟಿಡೂದು ನಾನೇ. ಬೇರೆ ಯಾರೂ ಅಲ್ಲ."

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ. ಆದರೆ ತಳ್ಳುವ ಕೈ ಬೆಚ್ಚಗಿದ್ದರೆ ಬೀಳುವವರಿಗೂ ಹಿತವಾಗಿಯೇ ಇರುತ್ತದೆ.

ನಿಶ್ಚಯದ ದಿನ ಮಂಜಿ ತಾನೇ ಅರಿಶಿನ ತೇದು, ಚಿಪ್ಪಿಸುಣ್ಣ ಕದಡಿದಳು. ನೀರು ದಾಸವಾಳಕ್ಕಿಂತ ಕೆಂಪಾಗಿತ್ತು. ಭಾಸ್ಕರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ. ಮೊದಲು ಅವನು ಬೆರಳದ್ದಿ ಅವಳ ಹಣೆಗೆ ಬೊಟ್ಟಿಟ್ಟ. ಬೊಟ್ಟು ಸ್ವಲ್ಪ ಸೊಟ್ಟಗಾಯಿತು, ಅದಕ್ಕೆ ಅವನೇ ನಾಚಿದ.

ವಿನುತಾ ತಟ್ಟೆಗೆ ಕೈ ಇಳಿಸಿದಳು. ಮುಷ್ಟಿ ಹಿಂಡಿದಳು. ಅವಳ ಬೆರಳ ಸುತ್ತ ಕೆಂಪು ಮಸುಕಾಯಿತು, ಕದಡಿತು, ಕಣ್ಣೆದುರೇ ಇಡೀ ತಟ್ಟೆ ಹಳದಿಯಾಯಿತು. ಆಮೇಲೆ ಕುಮಟಾದ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ತಟ್ಟೆ ಹಿಡಿದಿದ್ದ ಮಂಜಿಯ ಕೈಯಿಂದ ನೀರು ಅವಳದೇ ಸೀರೆಯ ಮೇಲೆ ಚೆಲ್ಲಿತು.

ಭಾಸ್ಕರ ಕೊನೆಗೆ ಎದ್ದ. ಅವಳ ಮುಷ್ಟಿಯಿಂದ ತೊಟ್ಟಿಕ್ಕುತ್ತಿದ್ದದ್ದನ್ನು ನೋಡಿದ. ದಿನಾ ಮೀನುಸಾರು ಉಣ್ಣುವವನಿಗೆ ಆ ವಾಸನೆ ತಿಳಿಯದೆ ಇರುತ್ತದೆಯೇ? ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ.

"ನಂಗೆ ಮೊದ್ಲೇ ಹೇಳಿದ್ರೆ ಆಗಿತ್ತು. ನಾನೇ ಬೇಡ ಅಂತಿದ್ದೆ."

ಮತ್ತೆ ಯಾರಿಗೂ ಏನೂ ಹೇಳದೆ ಚಪ್ಪಲಿ ಮೆಟ್ಟಿ ಹೋದ. ಇಲ್ಲಿ ಓದುವವರಿಗೆ ಅವನ ಮೇಲೆ ಮನಸ್ಸಾಗಬಹುದು. ಅವಳಿಗೆ ಆಗಲಿಲ್ಲ. ಅವಳು ಆಗಲೇ ಸಂಜೆಗೆ ಉಡುವ ಸೀರೆಯ ಯೋಚನೆಯಲ್ಲಿದ್ದಳು.

ಸಂಜೆ ಜಗದೀಶ ಬರಲಿಲ್ಲ. ಹಸಿರು ಸೀರೆ ಉಟ್ಟು ಅವಳು ಗೇಟಿನ ಬಳಿ ನಿಂತಿದ್ದಳು. ನೋಡಿದವರು, ನಿಶ್ಚಯ ಮುರಿದ ದಿನವೇ ಸಿಂಗಾರ ಮಾಡಿಕೊಂಡಿದೆ ಹುಡುಗಿ ಎಂದು ಆಡಿಕೊಂಡರು. ಅವನ ಫೋನು ರಿಂಗಾಗಿ ರಿಂಗಾಗಿ ಕಡಿಯಿತು. ಸುದ್ದಿ ಮಾತ್ರ ಅವಳ ಕರೆಗಿಂತ ಮೊದಲೇ ಶಿರಾಲಿ, ಮುರ್ಡೇಶ್ವರ ದಾಟಿ ಕಾಸರಕೋಡು ಮುಟ್ಟಿತ್ತು.

ಮಂಜಿ ಬುಟ್ಟಿ ಹೊರುವುದನ್ನು ಬಿಟ್ಟಳು. ದಿನವೂ ಸುಣ್ಣದ ಡಬ್ಬಿಯನ್ನು ಮುಂದಿಟ್ಟುಕೊಂಡು, ಕೈ ತಪ್ಪಿದ್ದೆಲ್ಲಿ ಎಂದು ಮಗಳನ್ನೇ ಕೇಳುತ್ತಿದ್ದಳು. ಸುಣ್ಣ ಹಳೆಯದಿತ್ತಾ, ತಟ್ಟೆ ಸರಿ ತೊಳೆಯಲಿಲ್ಲವಾ, ಅಥವಾ ತನ್ನ ಪಾಪವೇ ಹಾಗಾ. ವಿನುತಾ ಆ ಪ್ರಶ್ನೆಯನ್ನು ಕೇಳಿಕೊಂಡು ಅನ್ನ ಉಣ್ಣಬೇಕಿತ್ತು. ಜಗದೀಶ ಬರಲಿ, ಅವತ್ತೇ ಹೇಳುತ್ತೇನೆ ಎಂದು ಅವಳು ನುಂಗುತ್ತಿದ್ದಳು.

ಅವನು ಸಿಕ್ಕಿದ್ದು ಸೋಮವಾರ, ಬಸ್ಸಿನಲ್ಲಿ. ಅವತ್ತು ಕಂಬಿ ಹಿಡಿದು ನಿಲ್ಲಲಿಲ್ಲ, ಮುಂದಿನ ಸೀಟಿನಲ್ಲಿ ಕೂತ. ಅವಳೇ ಎದ್ದು ಹೋಗಿ ಪಕ್ಕದಲ್ಲಿ ನಿಂತಳು. ಅಮ್ಮ ಕೇಳುತ್ತಿಲ್ಲ, ಬೆಳಕೆಯ ಆ ಹುಡುಗಿಯ ಹೆಸರೆತ್ತಿದರೆ ಹೊಳೆಗೆ ಬೀಳುತ್ತೇನೆ ಅನ್ನುತ್ತಾಳೆ ಎಂದ. ಕುಂಕುಮ ಉಳಿಯದ ಹುಡುಗಿಯನ್ನು ಇದ್ದೊಬ್ಬ ಮಗನಿಗೆ ಯಾರು ತರುತ್ತಾರೆ ಎಂದು ಅಮ್ಮನ ವಾದ.

ಅದು ಬಿಂಬಲಿ ಹುಳಿ ಅಂತ ಹೇಳು, ನೀನೇ ಹೇಳಿಕೊಟ್ಟದ್ದು ಅಂತ ಹೇಳು ಎಂದಳು ಅವಳು. ಅವನು ಕಿಟಕಿಯ ಹೊರಗೆ ನೋಡಿದ. ಸೇತುವೆ ಬಂತು. ಗಾಳಿಯೂ ಬಂತು. ದುಪಟ್ಟಾ ಅವನ ವಾಚಿಗೆ ಸಿಕ್ಕಿತು. ಅವನು ಬಿಡಿಸಿಕೊಂಡದ್ದು ಎಷ್ಟು ಬೇಗ ಎಂದರೆ ಒಂದು ಎಳೆ ಹರಿಯಿತು.

"ಹುಳಿ ಅಂತ ನಂಗೆ ಗೊತ್ತಿಲ್ವನೇ? ಗೊತ್ತದೆ. ಆದ್ರೂ... ಅಷ್ಟು ಜನರ ಎದುರು ಆದದ್ದು. ಒಂದ್ವೇಳೆ ನಂಗೆ ಎಂತಾರೂ ಆದ್ರೆ?"

ಅಮ್ಮನ ಹೆದರಿಕೆಯನ್ನು ಅವಳು ಕ್ಷಮಿಸಿಬಿಡುತ್ತಿದ್ದಳು. ಈ 'ಆದ್ರೂ' ಅವಳ ಎದೆಗೆ ಚುಚ್ಚಿತು. ತಾನೇ ಕಲಿಸಿಕೊಟ್ಟ ಆಟಕ್ಕೆ ತಾನೇ ಬೆದರುವ ಗಂಡಸನ್ನು ಅವಳು ಇಷ್ಟು ದಿನ ಕಣ್ಣಲ್ಲಿಟ್ಟು ಕಾದಿದ್ದಳು. ಆದರೂ ಪ್ರೀತಿ ಹೋಗಲಿಲ್ಲ. ಹೋಗಿದ್ದರೆ ಅವಳು ಮುಂದಿನ ಭಾನುವಾರ ಕಾಸರಕೋಡಿಗೆ ಹೋಗುತ್ತಿರಲಿಲ್ಲ.

ಕ್ಲಾಸಿಗೆ ಒಯ್ಯುವಂತೆ ಎಲ್ಲವನ್ನೂ ಜೋಡಿಸಿಕೊಂಡು ಹೋದಳು. ಒಂದು ಸ್ಟೀಲ್ ಡಬ್ಬಿಯಲ್ಲಿ ಕೆಂಪು ನೀರು, ಕರವಸ್ತ್ರದಲ್ಲಿ ಎರಡು ಬಿಂಬಲಿ. ಅಂಗಳದಲ್ಲಿ ದಾಸವಾಳ ಗಿಡದ ತುಂಬ ಹೂವಿತ್ತು, ಈಗ ಕದಿಯುವವರಿರಲಿಲ್ಲ. ಜಗದೀಶ ಜಗುಲಿಯಲ್ಲಿ ಕೂತು ಫೋನು ನೋಡುತ್ತಿದ್ದವನು ಅವಳನ್ನು ಕಂಡು ಎದ್ದೇ ನಿಂತ. ನಾಗಿ ಒಳಗಿಂದ ಬಂದರು. ಗಂಡನನ್ನು ಸಮುದ್ರಕ್ಕೆ ಕಳೆದುಕೊಂಡ ಹೆಂಗಸು. ಹುಡುಗಿಯನ್ನು ಒಳಗೆ ಕರೆಯಲಿಲ್ಲ, ಹೊರಗೂ ಹಾಕಲಿಲ್ಲ.

ವಿನುತಾ ಮೆಟ್ಟಿಲ ಕೆಳಗೇ ನಿಂತು ಎಲ್ಲ ಹೇಳಿದಳು. ಶಕುನವಲ್ಲ, ಹುಳಿ ಹಿಂಡಿದ್ದು ತಾನು, ಹಿಂಡಲು ಹೇಳಿದ್ದು ನಿಮ್ಮ ಮಗ, ಸಂಜೆ ಬರುತ್ತೇನೆ ಅಂದಿದ್ದೂ ಅವನೇ. ಕ್ಲಾಸಿನಲ್ಲಿ ಹೇಳುವಂತೆಯೇ, ಒಂದಾದ ಮೇಲೊಂದು ಹೇಳಿದಳು.

ನಾಗಿ ಮಗನ ಕಡೆ ತಿರುಗಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಹೌದೆಂದರೆ ಸಾಕು, ಹೆದರಿಕೆ ಇಳಿಸಿಬಿಡುತ್ತೇನೆ ಎನ್ನುವ ಆಸೆಯೇ ಇತ್ತು.

"ಹೌದನಾ ಮಗಾ? ಹುಳಿ ಹಾಕಿದ್ರೆ ಹಾಂಗೆ ಬಣ್ಣ ತಿರುಗ್ತದನಾ? ನೀ ಓದ್ದವ, ನೀ ಹೇಳು. ನೀ ಹೇಳಿದ್ರೆ ನಾ ನಂಬ್ತೆ."

ಜಗದೀಶ ಅಮ್ಮನನ್ನು ನೋಡಿದ. ವಿನುತಾಳನ್ನು ನೋಡಲಿಲ್ಲ. ಹೌದು ಅಂದರೆ ಒಂದು ಮನೆಯ ನಿಶ್ಚಯ ಮುರಿಸಿದವನು ಅವನಾಗುತ್ತಿದ್ದ. ಊರು ಕೇಳುತ್ತಿತ್ತು, ಕಾಲೇಜು ಕೇಳುತ್ತಿತ್ತು.

"ಇಲ್ಲ ಅಮ್ಮ," ಅಂದ. "ಬಣ್ಣ ಹಾಂಗೆಲ್ಲ ತಿರುಗೂದಿಲ್ಲ. ಇವಳು ಎಂತ ಹೇಳ್ತಾ ಇದ್ದಾಳೋ ನಂಗೆ ಗೊತ್ತಿಲ್ಲ."

ನಾಗಿ ಕಣ್ಣು ಮುಚ್ಚಿಕೊಂಡರು. ಹಾಗಾದರೆ ನೀ ಬಂದ ದಾರಿಯಲ್ಲೇ ಹೋಗು ಮಗಳೇ, ನಮ್ಮನ್ನು ಬದುಕಲು ಬಿಡು ಎಂದು ಅವಳಿಗೆ ಕೈ ಮುಗಿದರು.

ವಿನುತಾ ಹೋಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದಳು. ಮೆಟ್ಟಿಲು ಹತ್ತಿ ಜಗದೀಶನ ಮುಂದೆ ನಿಂತು, ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಬೆರಳದ್ದಿ ಅವನ ಹಣೆಗೆ ಬೊಟ್ಟಿಟ್ಟಳು. ದುಂಡಗಿನ, ಅಚ್ಚ ಕೆಂಪು ಬೊಟ್ಟು. ಬೇರೆಯವರ ಕಣ್ಣೆದುರು ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು. ಹಣೆ ಬೆಚ್ಚಗಿತ್ತು. ಎಷ್ಟೋ ರಾತ್ರಿ ಅವಳು ಹೀಗೇ ಊಹಿಸಿದ್ದಳು, ಆ ಬೆಚ್ಚಗಿನದನ್ನೂ ಸೇರಿಸಿ. ಅವಳ ಕಣ್ಣು ತುಂಬಿತು. ಅದನ್ನು ಕಂಡು, ಇವಳು ಒಪ್ಪಿಕೊಂಡಳು, ಬಿಟ್ಟು ಹೋಗುತ್ತಿದ್ದಾಳೆ ಎಂದುಕೊಂಡು ಅವನು ಉಸಿರು ಬಿಟ್ಟ. ಎಡಗೆನ್ನೆಯಲ್ಲಿ ಸಣ್ಣಗೆ ಗುಳಿ ಬಿತ್ತು.

ಅವಳ ಇನ್ನೊಂದು ಕೈ ಕರವಸ್ತ್ರದೊಳಗೆ ಬಿಂಬಲಿಯನ್ನು ಹಿಚುಕಿತ್ತು. ಆ ಹೆಬ್ಬೆರಳಿನಿಂದ ಬೊಟ್ಟನ್ನು ಮೆಲ್ಲಗೆ ಒತ್ತಿದಳು. ನಾಗಿ ನೋಡುತ್ತಿದ್ದಂತೆಯೇ ಮಗನ ಹಣೆಯ ಕೆಂಪು ಅಳಿಯಿತು. ಹಳದಿಯಾಯಿತು.

ನಾಗಿ ಕಂಬ ಹಿಡಿದು ಅಲ್ಲೇ ಕುಸಿದರು. ಬಾಯಿಂದ ದೇವರ ಹೆಸರೂ ಪೂರ್ತಿ ಬರಲಿಲ್ಲ.

"ಬಣ್ಣ ತಿರುಗೂದಿಲ್ಲ ಅಂದ್ರಲ್ಲ ಸರ್," ವಿನುತಾ ಹೇಳಿದಳು. "ಹಾಂಗಾರೆ ಇದು ಎಂತ? ನಿಮ್ಮ ಅಮ್ಮ ಹೆದ್ರಿದಾರೆ. ಹೇಳಿ ಅವರಿಗೆ."

ಅವಳು ಕಾದಳು. ಅದು ಹುಳಿ ಅಮ್ಮ, ಬರೀ ಹುಳಿ ಎಂದು ಅವನು ಆಗಲಾದರೂ ಅಂದಿದ್ದರೆ ಅವಳು ಎಲ್ಲವನ್ನೂ ಮರೆತು ಅವನ ಕೈ ಹಿಡಿಯುತ್ತಿದ್ದಳು. ನಾಚಿಕೆಯಿಲ್ಲದೆ, ಅಷ್ಟು ಪ್ರೀತಿ ಇನ್ನೂ ಇತ್ತು. ಅವನ ಬಾಯಿ ಒಮ್ಮೆ ತೆರೆಯಿತು. ಹೇಳಬೇಕಾದರೆ ಈಗಷ್ಟೇ ಆಡಿದ ಸುಳ್ಳನ್ನು ನುಂಗಬೇಕು. ಬಾಯಿ ಮುಚ್ಚಿತು. ಅಂಗಿಯ ತೋಳಿನಿಂದ ಹಣೆಯನ್ನು ಉಜ್ಜಿದ, ಮತ್ತೆ ಉಜ್ಜಿದ. ಅವನಿಗೂ ನಿಜವಾಗಿಯೇ ಹೆದರಿಕೆಯಾಗಿತ್ತು.

ಅವಳು ಡಬ್ಬಿ ಮುಚ್ಚಿಕೊಂಡು ಇಳಿದು ಹೋದಳು. ಮನೆಗೆ ಬಂದವಳೇ ಸುಣ್ಣದ ತಪ್ಪಲ್ಲ ಎಂದು ಮಂಜಿಗೆ ಹೇಳಿದಳು. ಮಂಜಿ ಪೂರ್ತಿ ಕೇಳಿ ಮಗಳ ಕೆನ್ನೆಗೆ ಒಂದು ಬಾರಿಸಿದಳು. ಆಮೇಲೆ ತುಂಬ ಹೊತ್ತು ಅವಳನ್ನು ತಬ್ಬಿಕೊಂಡು ಕೂತಳು. ಮರುದಿನ ಬೆಳಿಗ್ಗೆ ಬುಟ್ಟಿ ಹೊತ್ತು ಹೊರಟಳು.

ಜಗದೀಶನಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ. ಹಣೆಯ ಬೊಟ್ಟು ಹಳದಿಯಾದ ಗಂಡು ಎಂಬ ಮಾತು ಕುಮಟಾದವರೆಗೂ ಹೋಗಿದೆ. ಹೊತ್ತು ಹೋದವರು ಬೇರೆ ಯಾರೂ ಅಲ್ಲ, ಎಲ್ಲ ದೇವರ ಮುಂದೆಯೂ ಅತ್ತುಕೊಂಡು ಬಂದ ನಾಗಿಯೇ. ಒಂದೇ ಮಾತಿನಲ್ಲಿ ಅವನು ಅದನ್ನು ಅಳಿಸಬಹುದು. ಆ ಮಾತು ಅವನಿಗೆ ಗೊತ್ತಿದೆ. ಭಾಸ್ಕರನಿಗೆ ಅಂಕೋಲಾದ ಕಡೆಯ ಹುಡುಗಿ ಗೊತ್ತಾದಳು. ಆ ಸುದ್ದಿ ಕೇಳಿದ ದಿನ ವಿನುತಾಳಿಗೆ ಸೊಟ್ಟ ಬೊಟ್ಟಿನ ನೆನಪಾಯಿತು. ಕೈ ತಾನಾಗಿ ಹಣೆಗೆ ಹೋಯಿತು, ಅಷ್ಟೆ.

ಹೊಸ ವರ್ಷದ ಮಕ್ಕಳಿಗೆ ಅವಳು ಮತ್ತೆ ಎಲೆಕ್ಟ್ರೊಲೈಟ್ ತೋರಿಸಿದಳು. ಉಪ್ಪುನೀರಿನಲ್ಲಿ ಬಲ್ಬು ಹೊತ್ತಿತು. ಸಕ್ಕರೆ ನೀರಿನಲ್ಲಿ ಹೊತ್ತಲಿಲ್ಲ. ಕಾರಿಡಾರಿನಲ್ಲಿ ಪರಿಚಯದ ಚಪ್ಪಲಿಯ ಸದ್ದು ಬಂದು ಬಾಗಿಲ ಬಳಿ ನಿಂತಿತು. ಅವಳು ತಲೆ ಎತ್ತಲಿಲ್ಲ. ಮುಂದಿನ ಬೆಂಚಿನ ಹುಡುಗಿ ಚಮಚ ಹಿಡಿದು, ಇನ್ನೂ ಸ್ವಲ್ಪ ಸಕ್ಕರೆ ಹಾಕಿ ನೋಡಲಾ ಮೇಡಂ ಎಂದು ಕೇಳಿದಳು.

"ಎಷ್ಟು ಹಾಕಿದ್ರೂ ಅಷ್ಟೆ," ಎಂದಳು ವಿನುತಾ. "ಚೆಲ್ಲಿ ಬಾ."